30ನೆಯ ನಿಮಿಷದ ವೇಗ: ಒಂದು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ನ ಜೊತೆ ಎರಡೂವರೆ ವರ್ಷ

ಕೊಂಡ ಮೊದಲ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಯಂತ್ರದ ವೇಗವನ್ನು ಅಳೆಯುವ ಎರಡು ನಿಮಿಷದ ಬೆಂಚ್‌ಮಾರ್ಕ್ ಓಡಿಸಿ, ಪರದೆಯ ಮೇಲೆ ಬಂದ ಅಂಕಿಯನ್ನು ಕಂಡು ಹಿಗ್ಗಿದೆ. ಎಂಟು ವರ್ಷ ದುಡಿದ ನನ್ನ ಡೆಸ್ಕ್‌ಟಾಪ್ ಕೊಡುತ್ತಿದ್ದ ಅಂಕಿಗೆ ಇದು ಸುಮಾರು ಎರಡೂವರೆ ಪಟ್ಟು ಇತ್ತು. ಮರುದಿನ ನಿಜವಾದ ಕೆಲಸವನ್ನು ಹಚ್ಚಿದೆ. ಡೆಸ್ಕ್‌ಟಾಪ್‌ನಲ್ಲಿ 50 ನಿಮಿಷ ಹಿಡಿಯುತ್ತಿದ್ದ ಒಂದು ಸ್ಟ್ರೆಸ್ ಅನಾಲಿಸಿಸ್ (ಬಿಡಿಭಾಗದ ಮೇಲೆ ಭಾರ ಬಿದ್ದಾಗ ಎಲ್ಲಿ ಎಷ್ಟು ಒತ್ತಡ ಎಂಬ ಲೆಕ್ಕ), ಆ ಅಂಕಿಯ ಪ್ರಕಾರ ಇಲ್ಲಿ 20 ನಿಮಿಷದಲ್ಲಿ ಮುಗಿಯಬೇಕಿತ್ತು. ಮುಗಿದದ್ದು 38 ನಿಮಿಷಕ್ಕೆ. ನಡುವಿನ ಆ 18 ನಿಮಿಷ ಎಲ್ಲಿ ಹೋಯಿತೆಂದು ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳೇ ಈ ವಿಮರ್ಶೆಯ ಬಹುಭಾಗ.

ಯಂತ್ರದ ವಿವರ ಹೀಗಿದೆ. 16 ಅಂಗುಲದ ಪರದೆ, 6 ದೊಡ್ಡ ಕೋರ್ ಮತ್ತು 8 ಚಿಕ್ಕ ಕೋರ್ ಸೇರಿ 14 ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಪ್ರೊಸೆಸರ್, 8 ಜಿಬಿ ಮೆಮೊರಿ ಇರುವ ವೃತ್ತಿಪರ ವರ್ಗದ ಗ್ರಾಫಿಕ್ಸ್ ಕಾರ್ಡ್, 64 ಜಿಬಿ ರ‍್ಯಾಮ್, ಎರಡು ಎಸ್‌ಎಸ್‌ಡಿ ಸ್ಲಾಟ್, 90 ವ್ಯಾಟ್-ಅವರ್ ಬ್ಯಾಟರಿ ಮತ್ತು ಇಟ್ಟಿಗೆಯಂಥ 230 ವ್ಯಾಟ್‌ನ ಅಡಾಪ್ಟರ್. ಆ ಮಾದರಿಯಲ್ಲಿ ಸಿಗುತ್ತಿದ್ದ ಅತ್ಯುನ್ನತ ಪ್ರೊಸೆಸರನ್ನೇ ನಾನು ಆರಿಸಿಕೊಂಡಿದ್ದೆ. ಇದನ್ನು ಮುಂದೆ ಮತ್ತೆ ಪ್ರಸ್ತಾಪಿಸಬೇಕಾಗುತ್ತದೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಬರುವ ಗುಣದೋಷಗಳಲ್ಲಿ ಬಹುಪಾಲು ಈ ವರ್ಗದ, ಈ ದಪ್ಪದ ಯಾವ ಲ್ಯಾಪ್‌ಟಾಪ್‌ಗಾದರೂ ಅನ್ವಯಿಸುವಂಥವು. ಇದೇ ಮಾದರಿಯನ್ನು ನನ್ನ ಜೊತೆ ಕೆಲಸ ಮಾಡುವ ಮೂವರು ಬಳಸುತ್ತಾರೆ. ಒಬ್ಬರದು ವಿಡಿಯೋ ಎಡಿಟಿಂಗ್, ಇನ್ನೊಬ್ಬರದು ಸಾಫ್ಟ್‌ವೇರ್ ಬರೆಯುವ ಕೆಲಸ, ಮೂರನೆಯವರದು ನನ್ನಂತೆಯೇ ಡಿಸೈನ್ ಮತ್ತು ಸಿಮ್ಯುಲೇಶನ್. ಅವರ ಅನುಭವಗಳನ್ನೂ ಸೇರಿಸಿ ಬರೆದಿದ್ದೇನೆ.

ಪ್ರೊಸೆಸರ್‌ನ ವಿವರಪಟ್ಟಿಯಲ್ಲಿ ಎರಡು ವ್ಯಾಟ್ ಅಂಕಿಗಳಿರುತ್ತವೆ. ನನ್ನದರಲ್ಲಿ ಮೂಲ ಶಕ್ತಿ 45 ವ್ಯಾಟ್, ಟರ್ಬೊ ಶಕ್ತಿ 115 ವ್ಯಾಟ್. ಜಾಹೀರಾತಿನಲ್ಲಿ ಕಾಣುವ 5 ಗಿಗಾಹರ್ಟ್ಸ್ ಎಂಬ ವೇಗ ಒಂದೆರಡು ಕೋರ್‌ಗಳಿಗೆ ಮಾತ್ರ, ಅದೂ ಸ್ವಲ್ಪ ಹೊತ್ತು ಸಿಗುವಂಥದ್ದು. ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟ ಕ್ಷಣದಲ್ಲಿ ಪ್ರೊಸೆಸರ್ 115 ವ್ಯಾಟ್ ಎಳೆದುಕೊಂಡು ಆರ್ಭಟಿಸುತ್ತದೆ. ಏಳೆಂಟು ಸೆಕೆಂಡಿನೊಳಗೆ ಉಷ್ಣತೆ ತಯಾರಕರು ಇಟ್ಟಿರುವ 97 ಡಿಗ್ರಿಯ ಮಿತಿಯನ್ನು ಮುಟ್ಟುತ್ತದೆ. ಅಲ್ಲಿಂದ 75 ವ್ಯಾಟ್‌ಗೆ ಇಳಿದು, ಹತ್ತು ನಿಮಿಷ ಕಳೆಯುವ ಹೊತ್ತಿಗೆ, ಶಾಖವನ್ನು ಹೀರಿ ಹೊರಸಾಗಿಸುವ ಹೀಟ್ ಸಿಂಕ್‌ನ ತಾಮ್ರವೆಲ್ಲ ಕಾದು ಮುಗಿದ ಮೇಲೆ, 54 ವ್ಯಾಟ್‌ನಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಇಂಥ ಸ್ವಭಾವಕ್ಕೆ ಆರಂಭಶೂರತ್ವ ಎಂಬ ಒಳ್ಳೆಯ ಮಾತಿದೆ. ಎರಡು ನಿಮಿಷದ ಬೆಂಚ್‌ಮಾರ್ಕ್ ಅಳೆಯುವುದು ಆ ಶೌರ್ಯವನ್ನು. ನನ್ನ ಕೆಲಸ ನಡೆಯುವುದು 30ನೆಯ ನಿಮಿಷದಲ್ಲಿ, ಮತ್ತು ಅಲ್ಲಿ ಉಳಿಯುವುದು ಫ್ಯಾನ್‌ಗಳು ಹೊರಹಾಕಬಲ್ಲಷ್ಟು ವ್ಯಾಟ್ ಮಾತ್ರ.

ಹಾಗೆಂದು 75 ವ್ಯಾಟ್ 54ಕ್ಕೆ ಇಳಿದಾಗ ವೇಗವೂ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ನನ್ನ ಯಂತ್ರದಲ್ಲಿ ದೊಡ್ಡ ಕೋರ್‌ಗಳ ಕ್ಲಾಕ್ 3.6 ಗಿಗಾಹರ್ಟ್ಸ್‌ನಿಂದ 3.1ಕ್ಕೆ ಬರುತ್ತದೆ, ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ತಗ್ಗಿದರೂ ವೇಗ ತಗ್ಗುವುದು ಏಳನೆಯ ಒಂದು ಭಾಗ. ಚಿಪ್ಪು ನುಂಗುವ ಶಕ್ತಿ ಕ್ಲಾಕ್‌ನ ಜೊತೆಗೂ, ವೋಲ್ಟೇಜಿನ ವರ್ಗದ (ವೋಲ್ಟೇಜ್ × ವೋಲ್ಟೇಜ್) ಜೊತೆಗೂ ಏರುತ್ತದೆ, ಮತ್ತು ಹೆಚ್ಚಿನ ಕ್ಲಾಕ್‌ಗೆ ಹೆಚ್ಚಿನ ವೋಲ್ಟೇಜ್ ಬೇಕು. ಆದುದರಿಂದ ವೇಗದ ಕೊನೆಯ ಕೆಲವು ಮೆಟ್ಟಿಲುಗಳೇ ಅತಿ ದುಬಾರಿಯಾದವು, ಅತಿ ಬಿಸಿಯಾದವು. ಇದು ಅರ್ಥವಾದ ಮೇಲೆ ಥ್ರಾಟಲಿಂಗ್ (ಬಿಸಿ ಹೆಚ್ಚಾದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುವುದು) ಎಂಬ ಪದ ಕೇಳಿದೊಡನೆ ಗಾಬರಿಯಾಗುವುದನ್ನು ಬಿಟ್ಟೆ.

ಆದರೆ ನನ್ನ 18 ನಿಮಿಷಕ್ಕೆ ಶಾಖವೊಂದೇ ಕಾರಣವಾಗಿರಲಿಲ್ಲ. ಲೆಕ್ಕ ಬಿಡಿಸುವ ಸಾಲ್ವರ್ ತಂತ್ರಾಂಶ ತಾನಾಗಿಯೇ, ದೊಡ್ಡ ಕೋರ್‌ಗೆ ಎರಡು ಚಿಕ್ಕದಕ್ಕೆ ಒಂದರಂತೆ, 20 ಥ್ರೆಡ್‌ಗಳನ್ನು (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳನ್ನು) ಎಬ್ಬಿಸಿ, ಲೆಕ್ಕವನ್ನು ಸಮನಾಗಿ 20 ಪಾಲು ಮಾಡಿ ಹಂಚುತ್ತಿತ್ತು. ದೊಡ್ಡ ಕೋರ್‌ಗಳು ತಮ್ಮ ಪಾಲನ್ನು ಬೇಗ ಮುಗಿಸಿ, ಚಿಕ್ಕ ಕೋರ್‌ಗಳು ಮುಗಿಸುವವರೆಗೆ ಕೈಕಟ್ಟಿ ಕೂರುತ್ತಿದ್ದವು. ಅದಲ್ಲದೆ ಇಂಥ ಲೆಕ್ಕಗಳಲ್ಲಿ ಪ್ರೊಸೆಸರ್ ಬಹಳ ಸಮಯವನ್ನು ರ‍್ಯಾಮ್‌ನಿಂದ ಅಂಕಿಗಳು ಬರಲೆಂದು ಕಾಯುವುದರಲ್ಲೇ ಕಳೆಯುತ್ತದೆ. ಕೇಳುವ ಬಾಯಿಗಳು ಹೆಚ್ಚಾದ ಮಾತ್ರಕ್ಕೆ ಬರುವ ದಾರಿ ಅಗಲವಾಗುವುದಿಲ್ಲ. ಥ್ರೆಡ್‌ಗಳನ್ನು 6ಕ್ಕೆ ಇಳಿಸಿ ದೊಡ್ಡ ಕೋರ್‌ಗಳಿಗೆ ಮಾತ್ರ ಕೆಲಸ ಕೊಟ್ಟಾಗ ಅದೇ ಅನಾಲಿಸಿಸ್ 29 ನಿಮಿಷಕ್ಕೆ ಮುಗಿಯಿತು, ಫ್ಯಾನ್‌ನ ಸದ್ದೂ ಒಂದು ಮಟ್ಟ ಕೆಳಗಿಳಿಯಿತು. ಇಡೀ ಎರಡೂವರೆ ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಲಾಭ ಇದೇ, ಮತ್ತು ಇದಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಲಿಲ್ಲ.

ಗ್ರಾಫಿಕ್ಸ್ ಕಾರ್ಡ್‌ನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಾವಿರಾರು ಬಿಡಿಭಾಗಗಳ ಅಸೆಂಬ್ಲಿಯನ್ನು ತಿರುಗಿಸಿ ನೋಡುವಾಗ ಎಲ್ಲಿಯೂ ತಡವರಿಸುವುದಿಲ್ಲ. ಡಿಸೈನ್ ತಂತ್ರಾಂಶದವರು ಪರೀಕ್ಷಿಸಿ ಒಪ್ಪಿದ ಡ್ರೈವರ್‌ನ್ನೇ ಬಳಸಿದರೆ ವಾರಗಟ್ಟಲೆ ಕ್ರ್ಯಾಶ್ ಇಲ್ಲ. ಅದಕ್ಕಿಂತ ಹೊಸದು ಬಂತೆಂದು ಹಾಕಿಕೊಂಡ ಎರಡು ಸಲವೂ ಗೆರೆಗಳು ಮಿನುಗುವ ಕಾಟ ಶುರುವಾಗಿ ಹಿಂದಿನದಕ್ಕೇ ಮರಳಿದೆ. 3ಡಿ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವಾಗ (ದೃಶ್ಯವನ್ನು ಪೂರ್ಣ ಚಿತ್ರವಾಗಿಸುವಾಗ) ಪ್ರೊಸೆಸರ್‌ಗಿಂತ ಕಾರ್ಡ್ ಹಲವು ಪಟ್ಟು ಮುಂದಿದೆ, ಆದರೆ ದೃಶ್ಯದ ಟೆಕ್ಸ್ಚರ್‌ಗಳೆಲ್ಲ (ಮೇಲ್ಮೈಗೆ ಹೊದಿಸುವ ಚಿತ್ರಗಳು) ಸೇರಿ 8 ಜಿಬಿಯನ್ನು ಮೀರಿದ ಕೂಡಲೇ ವೇಗ ಕುಸಿಯುತ್ತದೆ ಅಥವಾ ರೆಂಡರ್ ಅರ್ಧಕ್ಕೇ ನಿಲ್ಲುತ್ತದೆ. ರ‍್ಯಾಮ್ ಮುಂದೆ ಹೆಚ್ಚಿಸಿಕೊಳ್ಳಬಹುದು, ಕಾರ್ಡ್‌ನ ಮೆಮೊರಿಯನ್ನು ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗ ಗಮನ ಕೊಡಬೇಕಾದದ್ದು ಅಲ್ಲಿ.

ಇನ್ನು ತಂಪಿನ ವ್ಯವಸ್ಥೆ. ಒಳಗೆ ಎರಡು ಫ್ಯಾನ್, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡರ ಮೇಲೂ ಹಾಯ್ದು ಹೋಗುವ ತಾಮ್ರದ ಹೀಟ್ ಪೈಪ್‌ಗಳು, ಹಿಂಬದಿಯಲ್ಲಿ ಬಿಸಿಗಾಳಿ ಹೊರಹೋಗುವ ಕಂಡಿಗಳು, ತಳದಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿ. ಎರಡು ಚಿಪ್ಪುಗಳೂ ಒಂದೇ ಪೈಪ್‌ಗಳನ್ನು ಹಂಚಿಕೊಂಡಿರುವುದರಿಂದ ಒಂದು ಕಾದರೆ ಇನ್ನೊಂದಕ್ಕೂ ಬಿಸಿ ತಟ್ಟುತ್ತದೆ. ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಶಕ್ತಿಯಲ್ಲಿ ದುಡಿಯುವಾಗ ಪ್ರೊಸೆಸರ್‌ಗೆ 30 ವ್ಯಾಟ್ ಸಿಕ್ಕರೆ ಹೆಚ್ಚು. ವಿಡಿಯೋ ಎಡಿಟಿಂಗ್ ಮಾಡುವ ಸಹೋದ್ಯೋಗಿಗೆ ಇದರಿಂದಲೇ ತೊಂದರೆಯಾಗಿತ್ತು, ಏಕೆಂದರೆ ಎಕ್ಸ್‌ಪೋರ್ಟ್ ಮಾಡುವಾಗ ಎರಡೂ ಒಟ್ಟಿಗೆ ದುಡಿಯುತ್ತವೆ. ಅವರು ಪ್ರೊಸೆಸರ್‌ನ ಶಕ್ತಿಯನ್ನು ತಾವಾಗಿಯೇ ಕಟ್ಟಿಹಾಕಿದರು. ಎಕ್ಸ್‌ಪೋರ್ಟ್ ನಿಧಾನವಾಗುವ ಬದಲು ಬೇಗ ಮುಗಿಯತೊಡಗಿತು, ಕಾರಣ ಅಲ್ಲಿ ಹೆಚ್ಚಿನ ಕೆಲಸ ಕಾರ್ಡ್‌ನದೇ ಆಗಿತ್ತು ಮತ್ತು ಪ್ರೊಸೆಸರ್ ಸುಮ್ಮನೆ ಕಾಯಿಸುತ್ತಿದ್ದ ಪೈಪ್‌ಗಳು ಅದಕ್ಕೆ ಬಿಡುವಾದವು.

ಲ್ಯಾಪ್‌ಟಾಪ್‌ನ ಹಿಂಭಾಗವನ್ನು ಎತ್ತರಿಸಿಡುವ ಸ್ಟ್ಯಾಂಡ್ ಪ್ರಯೋಜನವಿಲ್ಲ ಎಂದು ಹೇಳುವವರು ಬಹಳ ಮಂದಿ. ಅವರ ಮಾತಿಗೆ ಆಧಾರವಿದೆ: ಸ್ಟ್ಯಾಂಡ್ ಇಟ್ಟರೂ ಉಷ್ಣತೆ 97, ತೆಗೆದರೂ 97. ನಾನೂ ಮೊದಲು ಹಾಗೆಯೇ ತೀರ್ಮಾನಿಸಿ ಅದನ್ನು ಮೂಲೆಗಿಟ್ಟಿದ್ದೆ. ಆದರೆ ಶಾಖದ ಮಿತಿಗೆ ತಾಗಿಕೊಂಡೇ ಓಡುತ್ತಿರುವ ಪ್ರೊಸೆಸರ್‌ಗೆ ಒಂದಿಷ್ಟು ಹೆಚ್ಚು ತಂಪು ಕೊಟ್ಟರೆ ಅದು ತಣ್ಣಗಾಗುವುದಿಲ್ಲ. ಸಿಕ್ಕ ತಂಪನ್ನೆಲ್ಲ ವೇಗವಾಗಿ ಬದಲಾಯಿಸಿಕೊಂಡು ಮತ್ತೆ ಅದೇ ಮಿತಿಗೆ ಹೋಗಿ ನಿಲ್ಲುತ್ತದೆ. ನೋಡಬೇಕಾದದ್ದು ಡಿಗ್ರಿಯನ್ನು ಬಿಟ್ಟು ವ್ಯಾಟ್ ಮತ್ತು ಕ್ಲಾಕ್‌ಗಳನ್ನು. ಎರಡು ದಪ್ಪ ಪುಸ್ತಕಗಳ ಮೇಲೆ ಹಿಂಭಾಗವನ್ನು ಏರಿಸಿಟ್ಟು ಅದೇ ಲೆಕ್ಕವನ್ನು ಓಡಿಸಿದಾಗ ಉಷ್ಣತೆ ಒಂದು ಡಿಗ್ರಿಯೂ ಕದಲಲಿಲ್ಲ, 54 ವ್ಯಾಟ್ ಇದ್ದದ್ದು ಮಾತ್ರ 60 ಆಯಿತು. ತಳದ ರಬ್ಬರ್ ಪಾದಗಳು ಕೆಲವೇ ಮಿಲಿಮೀಟರ್ ಎತ್ತರವಿರುವುದರಿಂದ ಜಾಲರಿಗೆ ಗಾಳಿ ಸಿಗುವುದು ಅಷ್ಟಕ್ಕಷ್ಟೇ. ಹಾಸಿಗೆಯ ಮೇಲೆ ಅಥವಾ ತೊಡೆಯ ಮೇಲೆ ಇಟ್ಟುಕೊಂಡಾಗ ಆ ಅಷ್ಟೂ ಇಲ್ಲವಾಗುತ್ತದೆ.

ಸದ್ದಿನ ಬಗ್ಗೆ ಒಂದು ಮಾತು. ಪೂರ್ತಿ ವೇಗದಲ್ಲಿ ತಿರುಗುವ ಫ್ಯಾನ್‌ಗಳ ಸದ್ದು ಪಕ್ಕದ ಮೇಜಿನವರಿಗೆ ಕೇಳುವಷ್ಟು ಜೋರಾಗಿದ್ದರೂ ಒಂದೇ ಸಮನಾಗಿರುವುದರಿಂದ ಹತ್ತು ನಿಮಿಷದಲ್ಲಿ ಕಿವಿ ಒಗ್ಗಿಕೊಳ್ಳುತ್ತದೆ. ತಾಳ್ಮೆಗೆಡಿಸುವುದು ಹಗುರ ಕೆಲಸದ ಹೊತ್ತಿನ ಏರಿಳಿತ: ಒಂದು ಪುಟ ತೆರೆದರೆ ಫ್ಯಾನ್ ಎದ್ದು, ಅರ್ಧ ನಿಮಿಷ ಕೂಗಿ, ಮಲಗಿ, ಮತ್ತೆ ಏಳುತ್ತದೆ. ಟರ್ಬೊದ ಮಿತಿಯನ್ನು 115ರಿಂದ 65 ವ್ಯಾಟ್‌ಗೆ ಇಳಿಸಿದ ಮೇಲೆ ಈ ಏದುಸಿರು ಬಹುಮಟ್ಟಿಗೆ ನಿಂತಿದೆ. ವೋಲ್ಟೇಜನ್ನೇ ತುಸು ತಗ್ಗಿಸುವ ಅಂಡರ್‌ವೋಲ್ಟಿಂಗ್ ಇದಕ್ಕಿಂತ ಒಳ್ಳೆಯ ಉಪಾಯವಾಗುತ್ತಿತ್ತು, ಆದರೆ 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಹಿರಂಗವಾದ ನಂತರ ಅನೇಕ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳ ತಂತ್ರಾಂಶದಲ್ಲಿ) ಆ ಬಾಗಿಲಿಗೆ ಬೀಗ ಬಿದ್ದಿದೆ. ನನ್ನದರಲ್ಲಿಯೂ ಅದಕ್ಕೆ ಅವಕಾಶವಿಲ್ಲ.

ಕೊಂಡು 14 ತಿಂಗಳಾದಾಗ 60 ವ್ಯಾಟ್ ಇದ್ದದ್ದು ತಾನಾಗಿ 43ಕ್ಕೆ ಕುಸಿದಿರುವುದು ಗಮನಕ್ಕೆ ಬಂತು. ಮೊದಲು ಧೂಳಿನ ಮೇಲೆ ಅನುಮಾನಪಟ್ಟು ಹೊರಗಿನ ಕಂಡಿಗಳಿಗೆ ಟಾರ್ಚ್ ಹಿಡಿದು ನೋಡಿದೆ. ತಾಮ್ರದ ಪಟ್ಟಿಗಳು ಫಳಫಳ ಹೊಳೆಯುತ್ತಿದ್ದವು. ತಳದ ಮುಚ್ಚಳ ಬಿಚ್ಚಿ ಫ್ಯಾನನ್ನು ಪಕ್ಕಕ್ಕೆ ಸರಿಸಿದಾಗಲೇ ನಿಜ ಕಂಡಿತು. ಧೂಳು ಕೂರುವುದು ಪಟ್ಟಿಗಳ ಒಳಮುಖದಲ್ಲಿ, ಫ್ಯಾನ್ ಗಾಳಿ ಊದುವ ಕಡೆಯಲ್ಲಿ. ಬೂದುಬಣ್ಣದ, ಕಂಬಳಿಯ ಚೂರಿನಂಥ ಒಂದು ಪದರ ಅಲ್ಲಿ ಅಂಚಿನಿಂದ ಅಂಚಿಗೆ ಅಂಟಿಕೊಂಡಿತ್ತು. ಚಿಮುಟದಿಂದ ಒಂದು ಮೂಲೆ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಹೊರಗಿನಿಂದ ಗಾಳಿ ಊದಿದ್ದರೆ ಅದು ಒಡೆದು ಫ್ಯಾನ್‌ನೊಳಗೆ ಹರಡುತ್ತಿತ್ತು. ಗಾಳಿಯ ಡಬ್ಬಿ ಬಳಸುವವರು ಫ್ಯಾನ್‌ನ ರೆಕ್ಕೆಗಳನ್ನು ಒಂದು ಕಡ್ಡಿಯಿಂದ ತಡೆಹಿಡಿಯಬೇಕು, ಇಲ್ಲದಿದ್ದರೆ ಅವು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾದೀತು.

ಧೂಳು ತೆಗೆದ ಮೇಲೆ 49 ವ್ಯಾಟ್ ಬಂತು, 60 ಬರಲಿಲ್ಲ. ಕೋರ್‌ಗಳ ಉಷ್ಣತೆಯನ್ನು ಬಿಡಿಬಿಡಿಯಾಗಿ ನೋಡಿದಾಗ ಒಂದು ಕೋರ್ 97 ಡಿಗ್ರಿಯಲ್ಲಿದ್ದರೆ ಇನ್ನೊಂದು 79ರಲ್ಲಿತ್ತು. ಇಷ್ಟು ಅಂತರ ಹೊಸದರಲ್ಲಿ ಇರಲಿಲ್ಲ. ಯಂತ್ರ ವಾರಂಟಿಯಲ್ಲಿದ್ದುದರಿಂದ ಸರ್ವೀಸ್ ಸೆಂಟರ್‌ಗೆ ಒಯ್ದೆ. ಅಲ್ಲಿನ ತಂತ್ರಜ್ಞರು ಹತ್ತು ನಿಮಿಷ ಅವರ ಪರೀಕ್ಷಾ ತಂತ್ರಾಂಶ ಓಡಿಸಿ, "ಸರ್, ಇದು ನಾರ್ಮಲ್. 100 ಡಿಗ್ರಿಯವರೆಗೂ ಪ್ರೊಸೆಸರ್‌ಗೆ ಏನೂ ಆಗಲ್ಲ" ಎಂದರು. "ಏನೂ ಆಗುವುದಿಲ್ಲ ಸರಿ, ಆದರೆ ಕಳೆದ ವರ್ಷ ಮಾಡುತ್ತಿದ್ದಷ್ಟು ಕೆಲಸ ಈಗ ಮಾಡುತ್ತಿಲ್ಲವಲ್ಲ" ಎಂದೆ. "ಟೆಸ್ಟ್ ಪಾಸಾಗಿದೆ ಸರ್" ಎಂಬಲ್ಲಿಗೆ ಮಾತು ಮುಗಿಯಿತು. ಅವರನ್ನು ದೂರುವಂತೆಯೂ ಇಲ್ಲ, ಯಂತ್ರ ಕೆಟ್ಟಿದೆಯೇ ಇಲ್ಲವೇ ಎಂದು ಹೇಳಲು ಅವರಿಗೆ ಪರೀಕ್ಷೆಯಿದೆ. ದಣಿದಿದೆಯೇ ಎಂದು ಹೇಳಲು ಇಲ್ಲ.

ಕೊನೆಗೆ ನಾನೇ ಹೀಟ್ ಸಿಂಕ್ ಬಿಚ್ಚಿದೆ. ಲ್ಯಾಪ್‌ಟಾಪ್‌ನಲ್ಲಿ ಹೀಟ್ ಸಿಂಕ್ ನೇರವಾಗಿ ಸಿಲಿಕಾನ್ ಚಿಪ್ಪಿನ ಮೇಲೆಯೇ ಕೂರುತ್ತದೆ, ಡೆಸ್ಕ್‌ಟಾಪ್ ಪ್ರೊಸೆಸರ್‌ಗಿರುವ ಲೋಹದ ಮುಚ್ಚಳ ಇರುವುದಿಲ್ಲ. ದಿನಕ್ಕೆ ಹಲವಾರು ಸಲ ಕಾದು ತಣಿಯುವಾಗ ಎರಡರ ನಡುವಿನ ಸಂದು ಹಿಗ್ಗಿ ಕುಗ್ಗಿ, ನಡುವೆ ಶಾಖ ಸಾಗಿಸಲೆಂದು ಇರುವ ಥರ್ಮಲ್ ಪೇಸ್ಟನ್ನು ಸ್ವಲ್ಪಸ್ವಲ್ಪವಾಗಿ ಅಂಚಿಗೆ ತಳ್ಳುತ್ತದೆ. ಚಿಪ್ಪಿನ ಮಧ್ಯಭಾಗ ಹೆಚ್ಚುಕಡಿಮೆ ಬರಿದಾಗಿ, ಸುತ್ತಲೂ ಪೇಸ್ಟ್ ಒಣಗಿದ ಅಂಚುಗಟ್ಟಿ ನಿಂತಿತ್ತು. ಮತ್ತೆ ಪೇಸ್ಟ್ ಹಚ್ಚಿದರೆ ಇನ್ನೊಂದು ವರ್ಷಕ್ಕೆ ಇದೇ ಪಾಡು. ಲಿಕ್ವಿಡ್ ಮೆಟಲ್ ಎಂಬ ಗ್ಯಾಲಿಯಂ ಮಿಶ್ರಲೋಹ ಶಾಖವನ್ನು ಇನ್ನೂ ಚೆನ್ನಾಗಿ ಸಾಗಿಸುತ್ತದೆ, ಆದರೆ ಅದು ವಿದ್ಯುತ್ತನ್ನೂ ಸಾಗಿಸುತ್ತದೆ ಮತ್ತು ಅಲ್ಯೂಮಿನಿಯಂಗೆ ತಾಗಿದರೆ ಅದನ್ನು ತಿಂದುಹಾಕುತ್ತದೆ. ಹೊತ್ತು ತಿರುಗುವ ಯಂತ್ರದಲ್ಲಿ ಒಂದು ಹನಿ ಜಾರಿದರೂ ಸಾಕು. ಹಾಗಾಗಿ ಫೇಸ್-ಚೇಂಜ್ ಪ್ಯಾಡ್ ಆರಿಸಿಕೊಂಡೆ. ಕೋಣೆಯ ಉಷ್ಣತೆಯಲ್ಲಿ ಇದು ತೆಳುವಾದ ಗಟ್ಟಿ ಹಾಳೆ. 45 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಿ ಸಂದುಗಳನ್ನೆಲ್ಲ ತುಂಬಿಕೊಳ್ಳುತ್ತದೆ, ಪೇಸ್ಟ್‌ನಂತೆ ಸುಲಭವಾಗಿ ಹೊರಗೆ ಜಾರುವುದಿಲ್ಲ. ಅಂಟಿಸುವ ಮೊದಲು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಮೇಲಿನ ಪ್ಲಾಸ್ಟಿಕ್ ಪೊರೆ ಹಾಳೆಯನ್ನು ಹರಿಯದೆ ಬಿಟ್ಟುಕೊಡುತ್ತದೆ. ಈ ವಿಷಯ ತಿಳಿಯುವ ಮುಂಚೆ ಒಂದು ಹಾಳೆಯನ್ನು ಹಾಳುಮಾಡಿದೆ. ಮೊದಲ ದಿನ ವಿಶೇಷ ವ್ಯತ್ಯಾಸ ಕಾಣಲಿಲ್ಲ, ನಾಲ್ಕೈದು ಸಲ ಚೆನ್ನಾಗಿ ಕಾದು ತಣಿದ ಮೇಲೆ 63 ವ್ಯಾಟ್‌ನಲ್ಲಿ ನಿಂತಿತು. ಕೋರ್‌ಗಳ ನಡುವಿನ ಅಂತರ 6 ಡಿಗ್ರಿಗೆ ಇಳಿಯಿತು. ಇದಾಗಿ 16 ತಿಂಗಳಾಯಿತು, ಅಂಕಿ ಕದಲಿಲ್ಲ. ವಾರಂಟಿಯ ನಿಯಮಗಳನ್ನು ಓದಿ, ಹೀಟ್ ಸಿಂಕ್ ಬಿಚ್ಚುವುದಕ್ಕೆ ಅಡ್ಡಿಯಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೈಹಾಕಿದೆ ಎಂಬುದನ್ನೂ ಹೇಳಬೇಕು.

ಬ್ಯಾಟರಿಯ ವಿಷಯಕ್ಕೆ ಬಂದರೆ, ಈ ವರ್ಗದ ಯಂತ್ರಗಳ ಬ್ಯಾಟರಿಗಳು 100 ವ್ಯಾಟ್-ಅವರ್ ದಾಟದಿರಲು ಒಂದು ಕಾರಣವಿದೆ: ಅದಕ್ಕಿಂತ ದೊಡ್ಡದನ್ನು ವಿಮಾನದೊಳಗೆ ಒಯ್ಯಲು ವಿಮಾನ ಸಂಸ್ಥೆಯ ಒಪ್ಪಿಗೆ ಬೇಕಾಗುತ್ತದೆ. ಆದ್ದರಿಂದ ಎಂಥ ದೊಡ್ಡ ಯಂತ್ರವಾದರೂ ಬುತ್ತಿ ಇಷ್ಟೇ, ಉಳಿದದ್ದು ಬರಿಯ ಭಾಗಾಕಾರ. ಯಂತ್ರ ಸರಾಸರಿ 12 ವ್ಯಾಟ್ ನುಂಗಿದರೆ 90 ವ್ಯಾಟ್-ಅವರ್‌ಗೆ ಏಳೂವರೆ ಗಂಟೆ. 18 ವ್ಯಾಟ್ ನುಂಗಿದರೆ ಐದು ಗಂಟೆ. ಸಿಮ್ಯುಲೇಶನ್ ಹಚ್ಚಿ 70 ವ್ಯಾಟ್ ಎಳೆದರೆ ಒಂದು ಗಂಟೆ ಕಾಲು. ಹೊಸದರಲ್ಲಿ ನನಗೆ ಬರಹ, ಇಮೇಲ್, ಡ್ರಾಯಿಂಗ್ ಪರಿಶೀಲನೆಯಂಥ ಕೆಲಸಕ್ಕೆ ನಾಲ್ಕೂಕಾಲು ಗಂಟೆ ಸಿಗುತ್ತಿತ್ತು, ಸಾಫ್ಟ್‌ವೇರ್ ಬರೆಯುವ ಸಹೋದ್ಯೋಗಿಗೆ ಅದೇ ಯಂತ್ರದಲ್ಲಿ ಏಳು ಗಂಟೆ. ಇಬ್ಬರ ಪರದೆಯ ಬೆಳಕೂ ಒಂದೇ. ವ್ಯತ್ಯಾಸವೆಲ್ಲ ಗ್ರಾಫಿಕ್ಸ್ ಕಾರ್ಡ್ ಮಲಗಿದೆಯೋ ಎಚ್ಚರವಾಗಿದೆಯೋ ಎಂಬುದರಲ್ಲಿತ್ತು.

ಹಗುರ ಕೆಲಸಕ್ಕೆ ಪ್ರೊಸೆಸರ್‌ನೊಳಗಿನ ಚಿಕ್ಕ ಗ್ರಾಫಿಕ್ಸ್ ಸಾಕು, ದೊಡ್ಡ ಕಾರ್ಡ್ ಆಗ ಪೂರ್ತಿ ನಿದ್ರಿಸಬೇಕು. ಆದರೆ ಹಿನ್ನೆಲೆಯಲ್ಲಿ ಕೂತ ಯಾವುದಾದರೂ ಒಂದು ತಂತ್ರಾಂಶ ಅದನ್ನು ಹಿಡಿದುಕೊಂಡಿದ್ದರೆ, ಏನೂ ಮಾಡದೆ ಸುಮ್ಮನೆ ಎಚ್ಚರವಾಗಿರುವುದಕ್ಕೇ ಅದು 8ರಿಂದ 10 ವ್ಯಾಟ್ ತಿನ್ನುತ್ತದೆ. ನನ್ನಲ್ಲಿ ಕಳ್ಳ ಸಿಕ್ಕಿಬಿದ್ದದ್ದು ತಮಾಷೆಯಾಗಿ. ಕಾರ್ಡ್ ಎಚ್ಚರವಾಗಿದೆಯೇ ಎಂದು ನೋಡಲು ನಾನು ಹಾಕಿಕೊಂಡಿದ್ದ ನಿಗಾ ತಂತ್ರಾಂಶವೇ ಪ್ರತಿ ಎರಡು ಸೆಕೆಂಡಿಗೊಮ್ಮೆ ಅದರ ಉಷ್ಣತೆಯನ್ನು ಕೇಳುತ್ತ ಮಲಗಲು ಬಿಡುತ್ತಿರಲಿಲ್ಲ. ಮಗು ಮಲಗಿತೇ ಎಂದು ಮತ್ತೆ ಮತ್ತೆ ತಟ್ಟಿ ಕೇಳಿದ ಹಾಗೆ. ಅದನ್ನು ಮುಚ್ಚಿದ ಮೇಲೆ, ಡಿಸೈನ್ ತಂತ್ರಾಂಶದ ಲೈಸೆನ್ಸ್ ನೋಡಿಕೊಳ್ಳುವ ಒಂದು ಕಿಟಕಿಯನ್ನೂ ಸ್ಟಾರ್ಟ್‌ಅಪ್‌ನಿಂದ ತೆಗೆದ ಮೇಲೆ, ನನಗೂ ಆರೂವರೆ ಗಂಟೆ ಬಂತು. ಇನ್ನೊಂದು ಸಂಗತಿ: ಈ ಮಾದರಿಯಲ್ಲಿ ಎಚ್‌ಡಿಎಂಐ ಕಿಂಡಿ ನೇರವಾಗಿ ದೊಡ್ಡ ಕಾರ್ಡ್‌ಗೇ ಜೋಡಣೆಯಾಗಿದೆ. ಪ್ರೊಜೆಕ್ಟರ್ ಸಿಕ್ಕಿಸಿ ಸ್ಲೈಡ್ ತೋರಿಸುವಷ್ಟು ಹೊತ್ತೂ ಅದು ಎಚ್ಚರವಾಗಿರುತ್ತದೆ, ಹಾಗಾಗಿ ಸಭೆಗೆ ಹೋಗುವಾಗ ಅಡಾಪ್ಟರ್ ಹೊತ್ತೊಯ್ಯುವುದು ತಪ್ಪಲಿಲ್ಲ.

ಸ್ಲೀಪ್ ವ್ಯವಸ್ಥೆಯನ್ನು ನಾನು ಹೊಗಳಲಾರೆ. ಮುಚ್ಚಳ ಮುಚ್ಚಿದರೂ ನೆಟ್‌ವರ್ಕ್‌ಗೆ ಅಂಟಿಕೊಂಡು ಅರೆನಿದ್ರೆಯಲ್ಲಿರುವ ಈಗಿನ ಪದ್ಧತಿ ಫೋನ್‌ಗಳಿಗೆ ಸರಿಹೋಗುತ್ತದೆ. ಇಷ್ಟು ದೊಡ್ಡ ಯಂತ್ರ ಬ್ಯಾಗಿನೊಳಗೆ ಅಪ್‌ಡೇಟ್‌ಗಾಗಿ ಎದ್ದು ಕೂತರೆ ಗಾಳಿ ಹೋಗಲು ಜಾಗವಿರುವುದಿಲ್ಲ. ಒಮ್ಮೆ ಎರಡು ಗಂಟೆಯ ಪ್ರಯಾಣದ ಕೊನೆಗೆ ಬ್ಯಾಗ್ ತೆರೆದಾಗ ತಳದ ಲೋಹ ಮುಟ್ಟಲಾಗದಷ್ಟು ಬಿಸಿಯಾಗಿತ್ತು, ಬ್ಯಾಟರಿ 90 ಶೇಕಡದಿಂದ 41ಕ್ಕೆ ಇಳಿದಿತ್ತು. ಅಂದಿನಿಂದ ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ (ರ‍್ಯಾಮ್‌ನಲ್ಲಿದ್ದುದನ್ನು ಎಸ್‌ಎಸ್‌ಡಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುವಂತೆ) ಮಾಡಿಕೊಂಡಿದ್ದೇನೆ. ವಿಂಡೋಸ್ ಇದಕ್ಕಾಗಿ ಸಾಮಾನ್ಯವಾಗಿ ರ‍್ಯಾಮ್‌ನ 40 ಶೇಕಡದಷ್ಟು ಜಾಗವನ್ನು ಎಸ್‌ಎಸ್‌ಡಿಯಲ್ಲಿ ಮೀಸಲಿಡುತ್ತದೆ, 64 ಜಿಬಿಗೆ ಸುಮಾರು 26 ಜಿಬಿ. ಏಳಲು ಕಾಲು ನಿಮಿಷ ಹೆಚ್ಚು ಬೇಕು, ಆದರೆ ಬ್ಯಾಗ್ ತಣ್ಣಗಿರುತ್ತದೆ.

ಚಾರ್ಜಿಂಗ್‌ನಲ್ಲಿ ಒಂದು ಅನುಕೂಲವಿದೆ. ಯುಎಸ್‌ಬಿ-ಸಿ ಮೂಲಕ 100 ವ್ಯಾಟ್‌ನ ಚಿಕ್ಕ ಚಾರ್ಜರನ್ನೂ ಇದು ಒಪ್ಪುತ್ತದೆ, ನಿಧಾನ ಚಾರ್ಜರ್ ಎಂದು ಒಮ್ಮೆ ಗೊಣಗಿ ಸುಮ್ಮನಾಗುತ್ತದೆ. ಹಗುರ ಕೆಲಸವಿರುವ ದಿನ ಇಟ್ಟಿಗೆಯನ್ನು ಮನೆಯಲ್ಲೇ ಬಿಡಬಹುದು. ಅದರ ಮೇಲೆ ರೆಂಡರ್ ಹಚ್ಚಿದರೆ ಮಾತ್ರ ಪ್ಲಗ್ ಸಿಕ್ಕಿಸಿದ್ದರೂ ಬ್ಯಾಟರಿ ಇಳಿಯುತ್ತ ಹೋಗುತ್ತದೆ, ಕೊನೆಗೆ ಯಂತ್ರ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. 2021ರಲ್ಲಿ ಬಂದ ಯುಎಸ್‌ಬಿ ಪವರ್ ಡೆಲಿವರಿ 3.1 ನಿಯಮದ ಪ್ರಕಾರ ಇದೇ ಕೇಬಲ್ ಮಾದರಿಯಲ್ಲಿ 240 ವ್ಯಾಟ್‌ವರೆಗೆ ಸಾಗಿಸಬಹುದು, ಆದರೆ ಯಂತ್ರದ ಕಿಂಡಿಯೂ ಅದಕ್ಕೆ ಸಿದ್ಧವಾಗಿರಬೇಕು, ನನ್ನದರದು ಸಿದ್ಧವಿಲ್ಲ.

ಬ್ಯಾಟರಿಯ ಸವೆತದಲ್ಲಿ ತಪ್ಪು ನನ್ನದೇ. ಮೊದಲ ವರ್ಷವಿಡೀ ಯಂತ್ರವನ್ನು ಮೇಜಿನ ಮೇಲೆ, ಅಡಾಪ್ಟರ್‌ಗೆ ಸಿಕ್ಕಿಸಿ, 100 ಶೇಕಡ ಚಾರ್ಜ್‌ನಲ್ಲಿಟ್ಟು ಸಿಮ್ಯುಲೇಶನ್ ಓಡಿಸಿದೆ. ಲಿಥಿಯಂ-ಅಯಾನ್ ಕೋಶಗಳಿಗೆ ಪೂರ್ತಿ ತುಂಬಿದ ಸ್ಥಿತಿಯೂ ಶಾಖವೂ ಬೇರೆಬೇರೆಯಾಗಿಯೇ ಆಗಿಬರುವುದಿಲ್ಲ, ಎರಡೂ ಕೂಡಿದರೆ ಕೇಳುವುದೇ ಬೇಡ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದಾಗ 90 ಇದ್ದ ಧಾರಣಶಕ್ತಿ 73 ವ್ಯಾಟ್-ಅವರ್‌ಗೆ ಬಂದಿತ್ತು. ಆಮೇಲೆ ಬಯಾಸ್‌ನಲ್ಲಿ ಚಾರ್ಜ್ ಮಿತಿಯನ್ನು 80 ಶೇಕಡಕ್ಕೆ ನಿಲ್ಲಿಸಿದೆ. ನಂತರದ ಒಂದೂವರೆ ವರ್ಷದಲ್ಲಿ ಕಳೆದುಕೊಂಡದ್ದು 5 ವ್ಯಾಟ್-ಅವರ್ ಮಾತ್ರ. ವಿಡಿಯೋ ಎಡಿಟಿಂಗ್‌ನ ಸಹೋದ್ಯೋಗಿ ಈ ಮಿತಿಯನ್ನು ಕೊನೆಯವರೆಗೂ ಹಾಕಲಿಲ್ಲ. ಒಂದು ಬೆಳಗ್ಗೆ ಅವರು, "ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ನೋಡಿ" ಎಂದು ಯಂತ್ರ ತಂದು ಇಟ್ಟರು. ಸಮತಟ್ಟಾದ ಮೇಜಿನ ಮೇಲಿಟ್ಟಾಗ ಅದು ಒಂದು ಮೂಲೆಯಲ್ಲಿ ಅಲುಗಾಡುತ್ತಿತ್ತು, ಟಚ್‌ಪ್ಯಾಡ್‌ನ ಒಂದು ಅಂಚು ಉಗುರಿನಷ್ಟು ಮೇಲೆದ್ದಿತ್ತು. ಕೋಶದೊಳಗಿನ ರಾಸಾಯನಿಕ ವಿಘಟನೆಯಾಗಿ ಹುಟ್ಟಿದ ಅನಿಲದಿಂದ ಬ್ಯಾಟರಿ ಉಬ್ಬಿ ಕೆಳಗಿನಿಂದ ಒತ್ತುತ್ತಿತ್ತು. ಇಂಥ ಬ್ಯಾಟರಿಯನ್ನು ಚಾರ್ಜ್ ಮಾಡುವುದಾಗಲಿ, ಒತ್ತಿ ಕೂರಿಸುವುದಾಗಲಿ, ಚುಚ್ಚುವುದಾಗಲಿ ಕೂಡದು; ಕೂಡಲೇ ಯಂತ್ರ ಆರಿಸಿ ಬದಲಾಯಿಸಬೇಕು. ತಯಾರಕರನ್ನು ಇಲ್ಲಿ ಮೆಚ್ಚಬೇಕು, ಬ್ಯಾಟರಿಯನ್ನು ಅಂಟಿನಿಂದ ಕೂರಿಸದೆ ಐದು ಸ್ಕ್ರೂಗಳಿಂದ ಬಿಗಿದಿದ್ದಾರೆ, ಬದಲಾಯಿಸಲು ಕಾಲು ಗಂಟೆ ಸಾಕಾಯಿತು.

ಇಷ್ಟೆಲ್ಲ ಆದ ಮೇಲೆ ಆ ಮೊದಲ ಅನಾಲಿಸಿಸ್ ಈಗ 26 ನಿಮಿಷಕ್ಕೆ ಮುಗಿಯುತ್ತದೆ. ಸಾಫ್ಟ್‌ವೇರ್ ಬರೆಯುವ ಸಹೋದ್ಯೋಗಿ ಇವುಗಳಲ್ಲಿ ಒಂದನ್ನೂ ಮಾಡಿಲ್ಲ, ಮಾಡುವ ಅಗತ್ಯವೂ ಅವರಿಗೆ ಕಂಡಿಲ್ಲ. ಅವರ ಕಂಪೈಲ್ (ಬರೆದದ್ದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಕೆಲಸ) ಒಂದೂವರೆ ನಿಮಿಷದ್ದು, ಆರಂಭಶೂರನಿಗೆ ಹೇಳಿ ಮಾಡಿಸಿದ ಕೆಲಸ. ಇದಕ್ಕಿಂತ ಒಳ್ಳೆಯ ಲ್ಯಾಪ್‌ಟಾಪ್ ಇಲ್ಲ ಎಂಬುದು ಅವರ ಖಚಿತ ಅಭಿಪ್ರಾಯ, ಮತ್ತು ಅವರ ಮಟ್ಟಿಗೆ ಅದು ನಿಜ. ಒಂದೇ ಯಂತ್ರಕ್ಕೆ ಒಬ್ಬರು ಐದು ನಕ್ಷತ್ರ ಕೊಟ್ಟು ಇನ್ನೊಬ್ಬರು ಎರಡು ಕೊಟ್ಟಿರುವುದನ್ನು ಕಂಡಾಗ ನಾನೀಗ ಯಾರದು ಸುಳ್ಳು ಎಂದು ಯೋಚಿಸುವುದಿಲ್ಲ, ಯಾರ ಕೆಲಸ ಎಷ್ಟು ನಿಮಿಷದ್ದು ಎಂದು ಹುಡುಕುತ್ತೇನೆ.

ಉಳಿದದ್ದು ಮೂರನೆಯ ಸಹೋದ್ಯೋಗಿಯ ಯಂತ್ರ. ಕವಚ, ಫ್ಯಾನ್, ಪೈಪ್, ರ‍್ಯಾಮ್, ಕಾರ್ಡ್ ಎಲ್ಲವೂ ನನ್ನದರಂತೆಯೇ. ಪ್ರೊಸೆಸರ್ ಮಾತ್ರ ಒಂದು ಮೆಟ್ಟಿಲು ಕೆಳಗಿನದು. ಅದರಲ್ಲಿಯೂ 6 ಮತ್ತು 8 ಕೋರ್‌ಗಳೇ, ಗರಿಷ್ಠ ಕ್ಲಾಕ್ 5ರ ಬದಲು 4.7 ಗಿಗಾಹರ್ಟ್ಸ್. ಕಳೆದ ತಿಂಗಳು ಅವರ ಯಂತ್ರಕ್ಕೂ ಅದೇ ಪ್ಯಾಡ್ ಹಾಕಿ, ಎರಡನ್ನೂ ಒಂದೇ ಮೇಜಿನ ಮೇಲೆ ಒಂದೇ ಎತ್ತರದ ಪುಸ್ತಕಗಳ ಮೇಲಿಟ್ಟು, ಒಂದೇ ಫೈಲನ್ನು ಒಂದೇ ಗಳಿಗೆಯಲ್ಲಿ ಹಚ್ಚಿದೆವು. ಮೊದಲ ಒಂದು ನಿಮಿಷ ನನ್ನದು ಮುಂದಿತ್ತು. ಹತ್ತನೆಯ ನಿಮಿಷಕ್ಕೆ ಎರಡೂ 63 ವ್ಯಾಟ್‌ನಲ್ಲಿ, ಒಂದೇ ಕ್ಲಾಕ್‌ನಲ್ಲಿ ಓಡುತ್ತಿದ್ದವು. ನನ್ನದು ಮುಗಿದ 20 ಸೆಕೆಂಡಿಗೆ ಅವರದೂ ಮುಗಿಯಿತು. "ನಿಮ್ಮದಕ್ಕೆ ಎಷ್ಟು ಹೆಚ್ಚು ಕೊಟ್ಟಿದ್ದಿರಿ?" ಎಂದು ಅವರು ಕೇಳಿದರು, ನಾನು ಅಡಾಪ್ಟರ್ ಸುತ್ತಿಡುವುದರಲ್ಲಿ ಮಗ್ನನಾದೆ.